ಅಮೃತಬಳ್ಳಿ: ಅದರ ಗುರುತು, ಬೇಸಾಯ ಮತ್ತು ಸೇವನೆಯಲ್ಲಿ ವಹಿಸಬೇಕಾದ ಎಚ್ಚರಿಕೆ

ನಮ್ಮ ಸೀಮೆಯ ಜನರು ಜ್ವರಕ್ಕೆ ಔಷಧವೆಂದು ಪೂರ್ವಕಾಲದಿಂದಲೂ ಬಳಸುತ್ತ ಬಂದಿರುವ ಲತೆಗಳಲ್ಲಿ ಅಮೃತಬಳ್ಳಿಯು ಮುಖ್ಯವಾದುದು. ಹೊಲದ ಬೇಲಿಯ ಮೇಲೂ ಊರ ಮುಂದಿನ ಬೇವಿನ ಮರದ ಮೇಲೂ ತಾನಾಗಿ ಹಬ್ಬುವ ಈ ಬಳ್ಳಿಗೆ ಯಾರೂ ಗೊಬ್ಬರ ಹಾಕಿದವರಲ್ಲ, ನೀರೆರೆದವರೂ ಅಲ್ಲ. ಹೀಗಿದ್ದ ಬಳ್ಳಿಯು ೨೦೨೦ನೆಯ ಇಸವಿಯಲ್ಲಿ ಇದ್ದಕ್ಕಿದ್ದಂತೆ ಬೆಲೆಯುಳ್ಳ ಪದಾರ್ಥವಾಯಿತು. ಆ ವರ್ಷದ ಮಾರ್ಚಿ ತಿಂಗಳಲ್ಲಿ ಕೋವಿಡ್ ವ್ಯಾಧಿಯಿಂದ ಭಾರತದ ಮೊದಲನೆಯ ಮರಣವು ನಮ್ಮ ಕಲಬುರಗಿಯಲ್ಲಿಯೇ ಸಂಭವಿಸಿತು; ಅದೇ ತಿಂಗಳ ೨೫ನೆಯ ತಾರೀಖಿನಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಿತು. ರೋಗಕ್ಕೆ ಮದ್ದಿಲ್ಲ, ಲಸಿಕೆ ಇನ್ನೂ ಬಂದಿಲ್ಲ ಎಂಬ ಕಾಲದಲ್ಲಿ ಜನರು ಅಜ್ಜಿಯಂದಿರ ಕಷಾಯದ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟುದರಲ್ಲಿ ಆಶ್ಚರ್ಯವೇನೂ ಇಲ್ಲ.

ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆ ಮುಂತಾದ ಕಡೆಗಳಲ್ಲಿ ಈ ಬಳ್ಳಿಗೆ ಕೊರತೆಯಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲ ಅಕ್ಷರಗಳನ್ನು ಕೂಡಿಸಿ ಹೆಸರು ಪಡೆದ ಬಡಾವಣೆಯಲ್ಲಿ ಈಗ ಹೊಲದ ಬೇಲಿ ಎಂಬುದು ಉಳಿದಿಲ್ಲ. ಆದರೂ ಕಾಂಪೌಂಡು ಗೋಡೆಗಳ ಮೇಲೆಯೂ ಉದ್ಯಾನಗಳ ಬೇವಿನ ಮರಗಳ ಮೇಲೆಯೂ ಬಳ್ಳಿಯು ಉಳಿದುಕೊಂಡಿದೆ. ಪೇಟೆಯ ಜನರು ಗ್ರಂಥಿಗೆ ಅಂಗಡಿಯ ಒಣಗಿದ ತುಂಡುಗಳನ್ನು ಕೊಳ್ಳುವುದರ ಜೊತೆಗೆ ಬೀದಿಯ ಬಳ್ಳಿಯನ್ನೂ ಕುಯ್ದುಕೊಂಡು ಹೋಗತೊಡಗಿದರು. ಬಳ್ಳಿಯನ್ನು ಬೆಳೆದು ಮಾರಬೇಕೆಂದಿರುವ ರೈತರಿಗೂ, ಅದನ್ನು ಸೇವಿಸುವ ಪೇಟೆಯ ಜನರಿಗೂ ಉಪಯೋಗವಾಗಲೆಂದು ಈ ಲೇಖನವನ್ನು ಬರೆಯಲಾಗಿದೆ.

ಸಾಂಕ್ರಾಮಿಕ ವ್ಯಾಧಿಯು ಬೆಂಗಳೂರಿಗೆ ಹೊಸದಲ್ಲ. ೧೮೯೮ನೆಯ ಇಸವಿಯ ಪ್ಲೇಗಿನ ತರುವಾಯ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸುವ ಕಾರ್ಯವು ಚುರುಕಾಗಿ, ಬಸವನಗುಡಿಯಂಥ ವಿಸ್ತಾರವಾದ ಬಡಾವಣೆಗಳು ಬೆಳೆದುವು. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಬಂದಿತು. ಇದಕ್ಕೂ ಬಹಳ ಹಿಂದೆಯೇ ನಮ್ಮ ಆಯುರ್ವೇದಾಚಾರ್ಯರು ಈ ವಿಷಯವನ್ನು ವಿಚಾರಿಸಿದ್ದಾರೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನವೆಂದು ಹೆಸರು. ಒಬ್ಬೊಬ್ಬ ಮನುಷ್ಯನ ಪ್ರಕೃತಿ, ಆಹಾರ, ಬಲ, ವಯಸ್ಸುಗಳು ಬೇರೆಬೇರೆಯಾಗಿರುವಾಗ ಒಂದೇ ರೋಗವು ಊರಿಗೆ ಊರನ್ನೇ ಹೇಗೆ ನಾಶಮಾಡೀತು ಎಂದು ಅಲ್ಲಿ ಪ್ರಶ್ನೆ. ಗಾಳಿ, ನೀರು, ನೆಲ, ಕಾಲ ಈ ನಾಲ್ಕು ಎಲ್ಲರಿಗೂ ಸಾಧಾರಣವಾದ್ದರಿಂದ ಅವು ಕೆಟ್ಟಾಗ ಎಲ್ಲರೂ ಒಟ್ಟಿಗೆ ಕೆಡುವರೆಂದು ಉತ್ತರ. ರೋಗಾಣುಗಳ ವಿಷಯವು ಆ ಕಾಲದವರಿಗೆ ತಿಳಿದಿರಲಿಲ್ಲ. ಆದರೂ ಸಾಂಕ್ರಾಮಿಕವು ಒಬ್ಬನ ದೇಹದ ವಿಷಯ ಮಾತ್ರವಲ್ಲ, ಎಲ್ಲರೂ ಉಸಿರಾಡುವ ಗಾಳಿಯ ವಿಷಯವೆಂದು ಅವರು ಕಂಡುಕೊಂಡಿದ್ದರು. ಗಂಗಾತೀರದ ಕಾಂಪಿಲ್ಯದಲ್ಲಿ ಬೇಸಗೆಯ ಕೊನೆಯ ತಿಂಗಳಲ್ಲಿ ಆತ್ರೇಯನು ಶಿಷ್ಯನಾದ ಅಗ್ನಿವೇಶನಿಗೆ ಹೇಳುವ ಮಾತಿನಲ್ಲಿ ರೈತರು ಗಮನಿಸಬೇಕಾದ ಅಂಶವೊಂದಿದೆ. ನೆಲವು ಸಾರವನ್ನು ಕಳೆದುಕೊಳ್ಳುವುದಕ್ಕೆ ಮುಂಚೆಯೇ ಮೂಲಿಕೆಗಳನ್ನು ಕಿತ್ತು ಶೇಖರಿಸಿಡಬೇಕೆಂದೂ, ಉಪದ್ರವವು ಬಂದ ಮೇಲೆ ಹುಡುಕಿದರೆ ಗುಣವುಳ್ಳ ಮೂಲಿಕೆಯು ಸಿಕ್ಕದೆಂದೂ ಅದರ ಅಭಿಪ್ರಾಯ. ೨೦೨೦ರಲ್ಲಿ ನಮ್ಮವರು ಮಾಡಿದ್ದು ಇದಕ್ಕೆ ತೀರ ವಿರುದ್ಧವಾದ ಕ್ರಮವನ್ನೇ.

ಬಳ್ಳಿಯ ಗುರುತು.— ಸಸ್ಯಶಾಸ್ತ್ರಜ್ಞರು ಇದನ್ನು ಟಿನೋಸ್ಪೋರ ಕಾರ್ಡಿಫೋಲಿಯ ಎಂದು ಕರೆಯುವರು. ಸಂಸ್ಕೃತದಲ್ಲಿ ಗುಡೂಚಿ, ಹಿಂದಿಯಲ್ಲಿ ಗಿಲೋಯ್, ತೆಲುಗಿನಲ್ಲಿ ತಿಪ್ಪತೀಗ, ತಮಿಳಿನಲ್ಲಿ ಶೀಂದಿಲ್ ಎಂದು ಹೆಸರು. ಎಲೆಯು ಹೃದಯಾಕಾರವಾಗಿ, ನುಣುಪಾಗಿ, ಉದ್ದವಾದ ತೊಟ್ಟಿನ ಮೇಲೆ ನಿಂತಿರುವುದು. ಬಲಿತ ಕಾಂಡದ ಹೊರಸಿಪ್ಪೆಯು ಕಾಗದದಂತೆ ತೆಳ್ಳಗೆ ಸುಲಿದುಬರುವುದು. ಸುಲಿದರೆ ಒಳಗೆ ಹಸುರು ಬಣ್ಣವು ಕಾಣುವುದು. ಕಾಂಡವನ್ನು ಅಡ್ಡಲಾಗಿ ಕೊಯ್ದರೆ ಗಾಡಿಯ ಚಕ್ರದ ಅರಗಳಂತೆ ಗೆರೆಗಳು ತೋರುವುವು. ಆದುದರಿಂದಲೇ ಚಕ್ರಲಕ್ಷಣಿಕಾ ಎಂಬ ಹೆಸರೂ ಇದಕ್ಕೆ ಬಂದಿದೆ. ಗಂಡು ಹೂವಿನ ಬಳ್ಳಿಯೇ ಬೇರೆ, ಹೆಣ್ಣು ಹೂವಿನ ಬಳ್ಳಿಯೇ ಬೇರೆ. ಹಣ್ಣು ಬಟಾಣಿಯ ಗಾತ್ರವಿದ್ದು ಕೆಂಪಗಿರುವುದು.

ಮರದ ಮೇಲಿನಿಂದ ನೂಲಿನಂತೆ ಜೋತುಬೀಳುವ ಬೇರುಗಳು ಇದರ ವಿಶೇಷ. ಯಾರಾದರೂ ಬಳ್ಳಿಯ ಬುಡವನ್ನು ಕಡಿದುಹಾಕಿದರೂ ಮೇಲುಗಡೆ ಉಳಿದ ಭಾಗವು ಸಾಯುವುದಿಲ್ಲ. ಅದು ಹತ್ತಾರು ಅಡಿಗಳ ಎತ್ತರದಿಂದ ಬೇರನ್ನು ಇಳಿಯಬಿಟ್ಟು, ನೆಲವನ್ನು ಮುಟ್ಟಿಸಿ, ಮತ್ತೆ ಬದುಕಿಕೊಳ್ಳುವುದು. ಛಿನ್ನರುಹಾ, ಎಂದರೆ ಕಡಿದರೂ ಬೆಳೆಯುವುದು, ಎಂದು ಹಿಂದಿನವರು ಹೆಸರಿಟ್ಟದ್ದು ಇದನ್ನು ಕಣ್ಣಾರೆ ಕಂಡೇ ಇರಬೇಕು.

ಇದನ್ನೇ ಹೋಲುವ ಬೇರೆ ಬಳ್ಳಿಗಳಿರುವುದರಿಂದ ತೊಡಕುಂಟಾಗಿದೆ. ಟಿನೋಸ್ಪೋರ ಕ್ರಿಸ್ಪ ಎಂಬುದರ ಕಾಂಡದ ತುಂಬ ನರಹುಲಿಯಂಥ ಗಂಟುಗಳಿರುವುವು. ಕಡಿದರೆ ಹಾಲಿನಂಥ ರಸವು ಒಸರುವುದು. ಹಣ್ಣು ನೀಳವಾಗಿ ಕಿತ್ತಳೆ ಬಣ್ಣದ್ದಾಗಿರುವುದು. ಟಿನೋಸ್ಪೋರ ಸೈನೆನ್ಸಿಸ್ ಎಂಬುದರ ಎಲೆಗಳ ಮೇಲೆ ರೋಮಗಳಿರುವುವು. ಹಸಿಯಾಗಿರುವಾಗ ಇವನ್ನು ಬೇರ್ಪಡಿಸುವುದು ಕಷ್ಟವಲ್ಲ. ಎಲೆಗಳನ್ನು ತೆಗೆದು, ತುಂಡರಿಸಿ, ಒಣಗಿಸಿ ಚೀಲಕ್ಕೆ ತುಂಬಿದ ಮೇಲೆ ಅನುಭವಿಗಳಿಗೂ ಕಷ್ಟ. ಪುಡಿಮಾಡಿದ ಮೇಲಂತೂ ಕಣ್ಣಿನಿಂದ ಸಾಧ್ಯವೇ ಇಲ್ಲ.

ರೋಗನಿರೋಧಕ ಶಕ್ತಿಯ ವಿಷಯ.— ಕೇಂದ್ರ ಸರ್ಕಾರದ ಆಯುಷ್ ಮಂತ್ರಾಲಯದವರು ೨೦೨೦ರಲ್ಲಿ ಜನರಿಗೆ ಸೂಚನೆಗಳನ್ನು ಪ್ರಕಟಿಸಿದರು. ತುಳಸಿ ೪ ಭಾಗ, ದಾಲ್ಚಿನ್ನಿ ೨ ಭಾಗ, ಶುಂಠಿ ೨ ಭಾಗ, ಕರಿಮೆಣಸು ೧ ಭಾಗ ಸೇರಿಸಿದ ತರಿಪುಡಿಯಲ್ಲಿ ೩ ಗ್ರಾಮನ್ನು ೧೫೦ ಮಿಲಿಲೀಟರ್ ಕುದಿಯುವ ನೀರಿಗೆ ಹಾಕಿ, ದಿನಕ್ಕೆ ಒಂದೆರಡು ಬಾರಿ ಕುಡಿಯಬಹುದೆಂದು ಹೇಳಿದರು. ಅದೇ ಅಕ್ಟೋಬರಿನಲ್ಲಿ ಹೊರಟ ಕ್ರಮದಲ್ಲಿ ಅಮೃತಬಳ್ಳಿಯೂ ಅಶ್ವಗಂಧವೂ ಸೇರಿದ್ದುವು. ಮೊದಲ ಸೂಚನೆಯಲ್ಲಿಯೇ ಇದು ಕೋವಿಡಿಗೆ ಚಿಕಿತ್ಸೆಯಲ್ಲವೆಂದು ಸ್ಪಷ್ಟವಾಗಿ ಬರೆದಿದ್ದಿತು. ದುರದೃಷ್ಟವಶಾತ್ ಆ ವಾಕ್ಯವನ್ನು ಓದಿದವರು ಕಡಮೆ. ಎರಡು ಸಲವೆಂದರೆ ನಾಲ್ಕು ಸಲ, ಒಂದು ಚಿಟಿಕೆಯೆಂದರೆ ಒಂದು ಹಿಡಿ ಎಂಬಂತೆ ಮೆಣಸು ಶುಂಠಿಗಳ ಕಷಾಯವನ್ನು ಕುಡಿದು ಹೊಟ್ಟೆಯುರಿ ತಂದುಕೊಂಡವರು ಅನೇಕರು.

ಜನರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ನಿರೋಧಕ ಶಕ್ತಿಯು ಕೆರೆಯ ನೀರಿನಂತೆ ಹೆಚ್ಚಾದಷ್ಟೂ ಒಳ್ಳೆಯದೆಂದು ಅವರು ಭಾವಿಸುವರು. ವಾಸ್ತವವಾಗಿ ಕೆರೆಯ ನೀರೂ ಹಾಗಲ್ಲ. ಕೋಡಿಯನ್ನು ಮೀರಿದರೆ ಏರಿ ಒಡೆಯುವುದು. ಕೋವಿಡಿನಲ್ಲಿ ಕೆಲವರ ಸ್ಥಿತಿಯು ವಿಷಮಿಸಿದುದು ಶರೀರದ ರಕ್ಷಣಾಕ್ರಿಯೆಯು ಅತಿಯಾಗಿ ಕೆರಳಿ ಶ್ವಾಸಕೋಶವನ್ನೇ ಕೆಡಿಸಿದುದರಿಂದ. ಉಸಿರಾಟಕ್ಕೆ ಆಮ್ಲಜನಕದ ಸಹಾಯ ಬೇಕಾದ ರೋಗಿಗಳಲ್ಲಿ, ಆ ಕೆರಳುವಿಕೆಯನ್ನು ಇಳಿಸುವ ಡೆಕ್ಸಾಮೆಥಸೋನ್ ಎಂಬ ಮದ್ದಿನಿಂದ ಮರಣಗಳು ಕಡಮೆಯಾದುವೆಂದು ೨೦೨೦ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಪರೀಕ್ಷೆಯಿಂದ ತಿಳಿದುಬಂದಿತು. ಅಮೃತಬಳ್ಳಿಯಲ್ಲಿರುವ ಕೆಲವು ದ್ರವ್ಯಗಳು ರಕ್ಷಣಾಕಣಗಳನ್ನು ಚುರುಕುಗೊಳಿಸುತ್ತವೆಂದು ಪ್ರಯೋಗಶಾಲೆಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಕೋವಿಡನ್ನು ಅದು ತಡೆಯುತ್ತದೆಂಬುದು ದೊಡ್ಡ ಪರೀಕ್ಷೆಗಳಿಂದ ಸಿದ್ಧವಾಗಿಲ್ಲ. ೨೦೨೧ರ ಜನವರಿ ೧೬ರಿಂದ ನಮ್ಮ ದೇಶದಲ್ಲಿ ಹಾಕಲಾರಂಭಿಸಿದ ಲಸಿಕೆಗೆ ಇದು ಬದಲಾಗಲಾರದು. ಆ ವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ ಬನಶಂಕರಿಯ ಚಿತಾಗಾರದ ಮುಂದೆ ಸರದಿಗಾಗಿ ಕಾದುನಿಂತ ವಾಹನಗಳ ಸಾಲನ್ನು ಕಂಡವರಿಗೆ ಈ ಮಾತನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಯಕೃತ್ತಿಗೆ ಆಗುವ ಅಪಾಯ.— ೨೦೨೦ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ವೈದ್ಯರ ಬಳಿಗೆ ಕಾಮಾಲೆಯಿಂದ ಬಂದ ೬ ಮಂದಿ ರೋಗಿಗಳು ಅಮೃತಬಳ್ಳಿಯನ್ನು ಸೇವಿಸುತ್ತಿದ್ದರೆಂದು ೨೦೨೧ರಲ್ಲಿ ವರದಿಯು ಪ್ರಕಟವಾಯಿತು. ಮರುವರ್ಷ ಭಾರತದ ೧೩ ವೈದ್ಯಕೇಂದ್ರಗಳವರು ಕೂಡಿ ಇಂಥ ೪೩ ಮಂದಿಯ ವಿವರಗಳನ್ನು ಹೊರಡಿಸಿದರು. ಶರೀರದ ರಕ್ಷಣಾಕ್ರಿಯೆಯು ತನ್ನ ಯಕೃತ್ತನ್ನೇ ಶತ್ರುವೆಂದು ಭಾವಿಸಿ ಹೊಡೆಯುವ ಲಕ್ಷಣವು ಇವರಲ್ಲಿ ತೋರಿದ್ದಿತು. ಆಯುಷ್ ಮಂತ್ರಾಲಯದವರು ಇದನ್ನು ಒಪ್ಪದೆ, ಕ್ರಿಸ್ಪದಂಥ ಬೇರೆ ಬಳ್ಳಿಯನ್ನು ತಪ್ಪಾಗಿ ತಿಂದಿರಬಹುದೆಂದೂ, ನಿಜವಾದ ಗುಡೂಚಿಯು ನಿರಪಾಯಕರವೆಂದೂ ಉತ್ತರವಿತ್ತರು. ಈ ವಾದವು ಪೂರ್ತಿಯಾಗಿ ಇತ್ಯರ್ಥವಾಗಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇತ್ಯರ್ಥವಾಗುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಮೊದಲನೆಯವರ ಮಾತು ನಿಜವಾದರೆ ಬಳ್ಳಿಯನ್ನು ಮಿತಿಯಿಲ್ಲದೆ ಸೇವಿಸಬಾರದು. ಎರಡನೆಯವರ ಮಾತು ನಿಜವಾದರೆ ಗುರುತಿಲ್ಲದ ಬಳ್ಳಿಯನ್ನು ಮುಟ್ಟಬಾರದು. ಎರಡನ್ನೂ ಪಾಲಿಸುವುದು ಕಷ್ಟವಲ್ಲ.

ಭಾರತೀಯ ಆಯುರ್ವೇದ ಔಷಧಕೋಶದಲ್ಲಿ ಕಾಂಡದ ಪುಡಿಗೆ ೩ರಿಂದ ೬ ಗ್ರಾಮು, ಕಷಾಯಕ್ಕೆ ೨೦ರಿಂದ ೩೦ ಗ್ರಾಮು ಪ್ರಮಾಣವೆಂದು ಹೇಳಿದೆ. ವೈದ್ಯರು ರೋಗಿಯನ್ನು ನೋಡಿ ಕೊಡತಕ್ಕ ಪ್ರಮಾಣವಿದು. ನೆರೆಮನೆಯವರ ಮಾತು ಕೇಳಿ ತಿಂಗಳುಗಟ್ಟಲೆ ಕುಡಿಯುವುದಕ್ಕಲ್ಲ. ಯಕೃತ್ತಿನ ರೋಗವಿರುವವರು, ಮದ್ಯಪಾನದಿಂದ ಯಕೃತ್ತು ಕೆಟ್ಟವರು, ಸಂಧಿವಾತ ಥೈರಾಯ್ಡು ಮುಂತಾದವುಗಳಲ್ಲಿ ಶರೀರವು ತನ್ನನ್ನೇ ಹೊಡೆಯುವ ಜಾತಿಯ ರೋಗವಿರುವವರು, ಗರ್ಭಿಣಿಯರು ಇದನ್ನು ತಾವಾಗಿ ಸೇವಿಸಕೂಡದು. ಸಕ್ಕರೆ ರೋಗಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆಯು ಇನ್ನಷ್ಟು ಇಳಿಯಬಹುದು. ಸೇವಿಸುತ್ತಿರುವವರಲ್ಲಿ ಹಸಿವು ಕೆಟ್ಟು, ಮೂತ್ರವು ಕಡುಬಣ್ಣಕ್ಕೆ ತಿರುಗಿ, ಕಣ್ಣು ಹಳದಿಯಾದರೆ, ಅದನ್ನು ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಏನನ್ನು ಎಷ್ಟು ದಿನದಿಂದ ಸೇವಿಸಿದೆವೆಂಬುದನ್ನು ಮುಚ್ಚಿಡದೆ ಹೇಳಬೇಕು. ನಾಟಿ ಔಷಧವೆಂದು ವೈದ್ಯರು ಗದರಿಯಾರೆಂಬ ಸಂಕೋಚದಿಂದ ಹೇಳದಿರುವವರುಂಟು. ಅಪಾಯವು ಹೆಚ್ಚುವುದು ಈ ಸಂಕೋಚದಿಂದಲೇ.

ಪೇಟೆಯಲ್ಲಿರುವವರಿಗೆ ಇನ್ನೊಂದು ಮಾತು. ಮೋಟಾರುಗಳ ಹೊಗೆ ಧೂಳುಗಳಿಗೆ ಸಿಕ್ಕಿದ ಬೀದಿಬದಿಯ ಬಳ್ಳಿಯನ್ನೂ, ಚರಂಡಿಯ ನೀರು ಕುಡಿದು ಬೆಳೆದುದನ್ನೂ ಔಷಧಕ್ಕೆ ಉಪಯೋಗಿಸಬಾರದು. ಮನೆಯ ಹಿತ್ತಲಲ್ಲಿ ಒಂದು ತುಂಡು ನೆಟ್ಟುಕೊಂಡರೆ ಸಾಕಾದಷ್ಟಾಗುವುದು. ಗುರುತಿನಲ್ಲಿ ಸಂದೇಹವಿದ್ದರೆ ಎಲೆ, ಕಾಂಡ, ಸಿಕ್ಕಿದರೆ ಹೂ ಹಣ್ಣುಗಳಿರುವ ಒಂದು ಕೊಂಬೆಯನ್ನು ಲಾಲ್‌ಬಾಗಿನ ತೋಟಗಾರಿಕೆ ಇಲಾಖೆಯವರಿಗಾಗಲಿ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿರುವ ಕೃಷಿ ವಿಶ್ವವಿದ್ಯಾನಿಲಯದವರಿಗಾಗಲಿ ತೋರಿಸಿ ಕೇಳಬಹುದು.

ಬೇಸಾಯ.— ಬೀಜದಿಂದ ಸಸಿ ಎಬ್ಬಿಸುವುದು ನಿಧಾನ. ಕಾಂಡದ ತುಂಡುಗಳೇ ಉತ್ತಮ. ಬಲಿತ ಬಳ್ಳಿಯಿಂದ ೬ರಿಂದ ೮ ಅಂಗುಲ ಉದ್ದದ, ಎರಡು ಗೆಣ್ಣುಗಳಾದರೂ ಇರುವ ತುಂಡುಗಳನ್ನು ಮುಂಗಾರು ಹಿಡಿಯುತ್ತಲೇ ನೆಡಬೇಕು. ತುಂಡುಗಳನ್ನು ತಲೆಕೆಳಗಾಗದಂತೆ ನೋಡಿಕೊಳ್ಳಬೇಕು. ಸುಮಾರು ಒಂದರಿಂದ ಒಂದೂವರೆ ತಿಂಗಳಲ್ಲಿ ಬೇರು ಬಿಡುವುವು. ನೀರು ನಿಲ್ಲದ ಕೆಂಪು ಗೋಡುಮಣ್ಣು ಇದಕ್ಕೆ ಒಗ್ಗುವುದು. ಎತ್ತ ನೋಡಿದರೂ ೧೦ ಅಡಿ ಅಂತರದಂತೆ ನೆಟ್ಟರೆ ಎಕರೆಗೆ ಸುಮಾರು ೪೩೫ ತುಂಡುಗಳು ಹಿಡಿಯುವುವು. ಬರಿಯ ಹೊಲದಲ್ಲಿ ಇದಕ್ಕೆಂದೇ ಚಪ್ಪರ ಹಾಕುವುದಕ್ಕಿಂತ ಬದುಗಳಲ್ಲಿರುವ ಬೇವಿನ ಮರಗಳಿಗೂ ಬೇಲಿಗೂ ಹಬ್ಬಿಸುವುದು ಲಾಭಕರ. ಬೇವಿನ ಮೇಲೆ ಬೆಳೆದುದಕ್ಕೆ ಗುಣವು ಹೆಚ್ಚೆಂಬ ನಂಬಿಕೆಯು ವೈದ್ಯರಲ್ಲಿ ಇರುವುದರಿಂದ ಅದನ್ನು ಕೇಳಿ ಕೊಳ್ಳುವವರೂ ಉಂಟು. ಎಳೆಯ ಮರಗಳಿಗೆ ಮಾತ್ರ ಹಬ್ಬಿಸಬಾರದು. ಬಳ್ಳಿಯು ನೆತ್ತಿಯನ್ನು ಮುಚ್ಚಿ ಮರವನ್ನು ಕುಗ್ಗಿಸುವುದು. ಕೊಟ್ಟಿಗೆ ಗೊಬ್ಬರವಲ್ಲದೆ ಬೇರೆ ಗೊಬ್ಬರ ಬೇಕಾಗಿಲ್ಲ. ಔಷಧಕ್ಕಾಗಿ ಬೆಳೆಯುವ ಪದಾರ್ಥವಾದುದರಿಂದ ಕ್ರಿಮಿನಾಶಕಗಳನ್ನು ಸಿಂಪಡಿಸತಕ್ಕದ್ದಲ್ಲ.

ಕಟಾವು ಮತ್ತು ಮಾರಾಟ.— ಬಳ್ಳಿಯು ಹೆಬ್ಬೆರಳಿನ ಗಾತ್ರಕ್ಕೆ ಬಂದ ಮೇಲೆ ಕಡಿಯಬಹುದು. ಬೇಸಗೆಯಲ್ಲಿ, ಅದರಲ್ಲಿಯೂ ಮೇ ತಿಂಗಳಲ್ಲಿ, ಕಡಿದುದು ಶ್ರೇಷ್ಠವೆಂದು ಔಷಧಕೋಶದ ಮತ. ಬುಡದಲ್ಲಿ ಎರಡು ಮೂರು ಅಡಿಗಳನ್ನು ಬಿಟ್ಟು ಕಡಿದರೆ ಮುಂದಿನ ಮಳೆಗೆ ಚಿಗುರುವುದು. ಬೇರುಸಹಿತ ಕಿತ್ತವನು ಮರುವರ್ಷದ ಬೆಳೆಯನ್ನೂ ಕಿತ್ತಂತೆಯೇ. ಕಾಂಡವನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ತುಂಡರಿಸಿ, ಗಾಳಿಯಾಡುವ ನೆರಳಿನಲ್ಲಿ ತೆಳ್ಳಗೆ ಹರಡಿ, ದಿನಕ್ಕೊಮ್ಮೆ ಮಗುಚುತ್ತ ಒಣಗಿಸಬೇಕು. ಹಸಿಯ ಕಾಂಡದಲ್ಲಿ ನೀರು ಹೆಚ್ಚಾಗಿರುವುದರಿಂದ ಅವಸರಪಟ್ಟು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುವುದು. ಅಂಥ ಮಾಲನ್ನು ಔಷಧದವರು ಹಿಂದಕ್ಕೆ ಕಳುಹಿಸುವರು. ಹಸಿಯ ಕಾಂಡವನ್ನು ಜಜ್ಜಿ, ನೀರಿನಲ್ಲಿ ನೆನೆಹಾಕಿ, ಹಿಂಡಿ ಸೋಸಿ, ತಳದಲ್ಲಿ ನಿಂತ ಬಿಳಿಯ ಹಿಟ್ಟನ್ನು ಒಣಗಿಸಿದರೆ ಅಮೃತಬಳ್ಳಿಯ ಸತ್ತ್ವವಾಗುವುದು. ಇದಕ್ಕೆ ಬೆಲೆ ಹೆಚ್ಚು. ಬೇರೆ ಹಿಟ್ಟುಗಳ ಕಲಬೆರಕೆಯೂ ಇದರಲ್ಲಿಯೇ ಹೆಚ್ಚು.

೨೦೨೦ರ ಬೇಡಿಕೆಯನ್ನು ನೆಚ್ಚಿ ಎಕರೆಗಟ್ಟಲೆ ನೆಡುವುದನ್ನು ನಾವು ಹೇಳಲಾರೆವು. ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೩ರ ಮೇ ತಿಂಗಳಲ್ಲಿಯೇ ಕೋವಿಡಿನ ತುರ್ತುಸ್ಥಿತಿಯು ಮುಗಿಯಿತೆಂದು ಸಾರಿದರು. ಭಯದಿಂದ ಏರಿದ ಬೇಡಿಕೆಯು ಭಯವು ಇಳಿದೊಡನೆ ಇಳಿಯುವುದು. ಕೊಳ್ಳುವ ಔಷಧ ತಯಾರಕರೊಡನೆ ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಂಡು, ಬದುಗಳಲ್ಲಿ ನೆಟ್ಟು ನೋಡಿ, ಮುಂದಿನದನ್ನು ನಿಶ್ಚಯಿಸಬೇಕು. ಮಾರುವಾಗ ಪ್ರತಿಯೊಂದು ಕಟಾವಿನ ಮಾಲಿನ ಜೊತೆಗೂ ಅದೇ ಬಳ್ಳಿಯ ಎಲೆಯಿರುವ ಒಂದು ಕೊಂಬೆಯನ್ನು ಹಳೆಯ ಕಾಗದದ ನಡುವೆ ಒತ್ತಿ ಒಣಗಿಸಿ, ಕಡಿದ ತಾರೀಖು, ಹೊಲದ ಹೆಸರು, ಹಬ್ಬಿದ್ದ ಮರ ಇವುಗಳನ್ನು ಬರೆದಿಡಬೇಕು. ಚೀಲದಲ್ಲಿರುವುದು ಕಾರ್ಡಿಫೋಲಿಯವೋ ಕ್ರಿಸ್ಪವೋ ಎಂಬ ಪ್ರಶ್ನೆ ಬಂದ ದಿನ ಆ ಕೊಂಬೆಯೊಂದನ್ನು ತೋರಿಸಿದರೆ ಸಾಕು.