ಅಜ್ಜನ ಪಾಲಿನ ಮೀನು

"ಡಾಕ್ಟ್ರೇ, ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿದೆಯೇನೋ ನೋಡಿ" ಎಂದು ಮಗ ಕರೆತಂದಿದ್ದ ಹಿರಿಯರಿಗೆ 70 ವರ್ಷ. ನಿವೃತ್ತರಾದ ಮೇಲೆ ಮಾತು ಕಡಿಮೆ, ಕೇಳಿದ್ದನ್ನೇ ಕೇಳುವುದು, ಸಂಜೆಯಿಡೀ ಟಿ.ವಿ. ಮುಂದೆ. ಪರೀಕ್ಷಿಸಿದಾಗ ಎರಡು ತೊಂದರೆಗಳು ಕಂಡವು. ರಕ್ತದಲ್ಲಿ ಬಿ-12 ಜೀವಸತ್ವ ಬಹಳ ಕಡಿಮೆಯಿತ್ತು. ಶುದ್ಧ ಸಸ್ಯಾಹಾರಿಗಳಲ್ಲಿ ಇದು ಅಪರೂಪವಲ್ಲ. ಜೊತೆಗೆ ಕಿವಿ ಮಂದ. ಎರಡಕ್ಕೂ ಉಪಾಯವಿದೆ. ಆದ್ದರಿಂದ ಹಿರಿಯರಲ್ಲಿ ಮರೆವು ಕಂಡಾಗ 'ವಯಸ್ಸಾಯಿತಲ್ಲ' ಎಂದು ನೀವು ಸುಮ್ಮನಾಗಬೇಡಿ. ಥೈರಾಯ್ಡ್ ಕೊರತೆ, ಮಾನಸಿಕ ಖಿನ್ನತೆ, ಕೆಲವು ನಿದ್ರೆ ಮಾತ್ರೆಗಳು ಕೂಡ ಹೀಗೆ ಮಾಡುತ್ತವೆ.

ಚುಚ್ಚುಮದ್ದು ಬರೆದುಕೊಟ್ಟೆ, ಶ್ರವಣ ಸಾಧನಕ್ಕೆಂದು ಕಿವಿಯ ತಜ್ಞರಲ್ಲಿಗೆ ಕಳುಹಿಸಿದೆ. ಉಳಿದದ್ದು ಆ ಸಂಜೆಗಳು. "ಮನೆಯಲ್ಲಿ ಕೂತು ಏನಾದರೂ ಆಡ್ತೀರಾ?" ಎಂದು ಕೇಳಿದೆ. ಅವರು ತಲೆಯಾಡಿಸಲಿಲ್ಲ. ಜೊತೆಗೆ ಬಂದಿದ್ದ ಹೈಸ್ಕೂಲು ಓದುವ ಮೊಮ್ಮಗಳು, "ನನ್ನ ಹತ್ರ ಮೀನು ಹಿಡಿಯೋ ಆಟ ಇದೆ" ಎಂದಳು. ಮೊಟ್ಟೆಯನ್ನೂ ಮುಟ್ಟದ ಮನೆ ಅದು!

ಆಟದ ಹೆಸರು ನುಸ್‌ಫ್ಯೋರ್ಡ್. ನಾರ್ವೆ ದೇಶದ ಲೊಫೋಟೆನ್ ದ್ವೀಪಗಳಲ್ಲಿ ಆ ಹೆಸರಿನ ಬೆಸ್ತರ ಹಳ್ಳಿಯೇ ಇದೆ. ಚಳಿಗಾಲದಲ್ಲಿ ಕಾಡ್ ಮೀನುಗಳು ಬ್ಯಾರೆಂಟ್ಸ್ ಸಮುದ್ರದಿಂದ ಮೊಟ್ಟೆಯಿಡಲು ಆ ದ್ವೀಪಗಳ ಬಳಿ ಬರುತ್ತವೆ. ಜರ್ಮನಿಯ ಊವೆ ರೋಸೆನ್‌ಬರ್ಗ್ ರಚಿಸಿದ ಈ ಆಟ 2017ರಲ್ಲಿ ಹೊರಬಂತು. ಮರ ಕಡಿಯಬೇಕು, ದೋಣಿ ಕಟ್ಟಬೇಕು, ಊರು ಬೆಳೆಸಬೇಕು. ದಾಳವಿಲ್ಲ, ಪಗಡೆಯಂತೆ ಎದುರಾಳಿಯ ಕಾಯಿ ಹೊಡೆಯುವುದೂ ಇಲ್ಲ. 7 ಸುತ್ತು, ಸುತ್ತಿಗೆ ಮೂರು ಕೆಲಸ. ಬಲೆಗೆ ಬಿದ್ದ ಮೀನು ಮೊದಲು ನೀವು ಕರೆತಂದ ಹಿರಿಯರ ತಟ್ಟೆಗೆ, ಆಮೇಲೆ ನಿಮ್ಮ ದೋಣಿಗಳಲ್ಲಿ ಪಾಲು ಕೊಂಡವರಿಗೆ, ಮಿಕ್ಕಿದ್ದು ನಿಮಗೆ. ಈ ಕ್ರಮ ನನಗೆ ಬಹಳ ಹಿಡಿಸಿತು.

ಇಂಥ ಆಟಗಳಿಂದ ಮರೆವು ದೂರವಾಗುವುದೇ? ಫ್ರಾನ್ಸಿನ ಬೋರ್ಡೋ ಸೀಮೆಯ 3,675 ಹಿರಿಯರನ್ನು 20 ವರ್ಷ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮಣೆಯಾಟ, ಇಸ್ಪೀಟಿನಂಥ ಆಟ ಆಡುತ್ತಿದ್ದವರಲ್ಲಿ ಡಿಮೆನ್ಶಿಯಾ ಸಂಭವ ಶೇ. 15ರಷ್ಟು ಕಡಿಮೆಯಿತ್ತು. ಆದರೆ ಆರಂಭದಲ್ಲಿ ಅವರ ಬುದ್ಧಿಶಕ್ತಿ ಹೇಗಿತ್ತು, ಖಿನ್ನತೆಯಿತ್ತೇ ಎಂಬುದನ್ನೂ ಲೆಕ್ಕಕ್ಕೆ ಹಿಡಿದಾಗ ಆ ವ್ಯತ್ಯಾಸ ಬಹುಪಾಲು ಕರಗಿತು. ಚುರುಕಾಗಿದ್ದವರೇ ಹೆಚ್ಚು ಆಡುತ್ತಿದ್ದರೇನೋ! ಹಾಗಾಗಿ ಆಟವನ್ನು ನಾನು ಔಷಧಿ ಚೀಟಿಯಲ್ಲಿ ಬರೆಯುವುದಿಲ್ಲ. ಆದರೆ ಒಂದು ಗಂಟೆ ಎದುರುಬದುರು ಕೂತು ಮಾತನಾಡುವಂತಾದರೆ ಅದೇನು ಸಣ್ಣದಲ್ಲ.

ಆಡಿಸುವಾಗ ಅಜ್ಜನ ತಪ್ಪುಗಳನ್ನು ಎಲ್ಲರ ಮುಂದೆ ಎತ್ತಿ ಆಡಬೇಡಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಆಟದ ಸಣ್ಣ ಕಾಯಿಗಳನ್ನು ಎಣಿಸಿ ಎತ್ತಿಡಿ. ಗಂಟಲಲ್ಲಿ ಸಿಕ್ಕಿದರೆ ಉಸಿರಿಗೇ ಅಪಾಯ. ಹಿರಿಯರು ಪರಿಚಿತ ದಾರಿಯಲ್ಲೇ ತಪ್ಪಿಹೋದರೆ, ಹಣದ ಲೆಕ್ಕ ಗೊತ್ತಾಗದಿದ್ದರೆ ಆಟದ ಮೇಲೆ ಭಾರ ಹಾಕದೆ ವೈದ್ಯರಿಗೆ ತೋರಿಸಿ.

ಎರಡು ತಿಂಗಳ ನಂತರ ಆ ಹಿರಿಯರು ಬಂದಾಗ ಕಿವಿಯಲ್ಲಿ ಶ್ರವಣ ಸಾಧನವಿತ್ತು. ಮೊದಮೊದಲು ಅದು ಬೀರುವಿನಲ್ಲೇ ಇರುತ್ತಿತ್ತಂತೆ. "ಈ ಹುಡುಗಿ ಪಿಸುಮಾತಲ್ಲೇ ನನ್ನ ಪಾಲು ಕೊಂಡ್ಕೋತಾಳೆ ಡಾಕ್ಟ್ರೇ, ಕೇಳಿಸದಿದ್ರೆ ಮೀನು ಹೋಯ್ತು ಅಂತ್ಲೇ" ಎಂದರು.