ಉಳಿದಿರುವುದೂ ಸಿಗುವುದೂ ಬೇರೆ

ಸಿ.ಟಿ. ಸ್ಕ್ಯಾನಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಸ್ಕ್ಯಾನೇ ಕೈಯಲ್ಲಿದ್ದಂತೆ ಎಂಬ ನಂಬಿಕೆ ವ್ಯಾಪಕವಾಗಿದೆ; ಹಾಗೆ ಉಳಿಯುವುದು ಸ್ಕ್ಯಾನಿನ ಒಂದು ನೋಟವೇ ಹೊರತು ಸ್ಕ್ಯಾನ್ ಅಲ್ಲ. ಸಿ.ಟಿ. ಚಿತ್ರದ ಪ್ರತಿಯೊಂದು ಪಿಕ್ಸೆಲ್, ಅಂದರೆ ಚಿತ್ರವನ್ನು ಕೂಡಿಸುವ ಅತಿ ಚಿಕ್ಕ ಚೌಕ, ದೇಹದ ಆ ಭಾಗವು ಎಕ್ಸ್‌ರೇಯನ್ನು ಎಷ್ಟು ತಡೆಯಿತೆಂಬುದನ್ನು ಹೇಳುವ ಸಂಖ್ಯೆಯಾಗಿದ್ದು, ಇದನ್ನಳೆಯುವ ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿಗೆ 0, ಗಾಳಿಗೆ −1000 ಎಂದು ಗೊತ್ತುಪಡಿಸಲಾಗಿದೆ. ಈ ಸಂಖ್ಯೆಗಳಿಗೆ ಸಾಮಾನ್ಯವಾಗಿ 4096 ಹಂತಗಳಿದ್ದರೆ, ಸಾಧಾರಣ ಜೆಪೆಗ್ ಚಿತ್ರದ ಬೂದುಬಣ್ಣಕ್ಕಿರುವುದು 256 ಮಾತ್ರ. ಒಂದೇ ಕಡತದಲ್ಲಿ ಒಮ್ಮೆ ಶ್ವಾಸಕೋಶವನ್ನೂ ಇನ್ನೊಮ್ಮೆ ಮೂಳೆಯನ್ನೂ ಎದ್ದು ಕಾಣಿಸುವ, ವಿಕಿರಣತಜ್ಞರು ವಿಂಡೋ ಎಂದು ಕರೆಯುವ ಹೊಂದಾಣಿಕೆಯು ಫೋಟೊದಲ್ಲಿ ಸಾಧ್ಯವಾಗದಿರುವುದು ಈ ಕಾರಣಕ್ಕೆ.

ಕಡತವು ಸರ್ವರಿನಲ್ಲಿದ್ದರೆ ಎಂದಾದರೂ ಸಿಕ್ಕೇ ಸಿಗುತ್ತದೆ ಎಂಬುದು ಇನ್ನೂ ಆಳವಾಗಿ ಬೇರೂರಿದ ತಪ್ಪು. ಒಂದು ಕಂಪನಿಯ ಯಂತ್ರದ ಚಿತ್ರವನ್ನು ಮತ್ತೊಂದು ಕಂಪನಿಯದು ಓದಲಾರದ ತೊಡಕನ್ನು ನೀಗಲು ಅಮೆರಿಕದ ವಿಕಿರಣತಜ್ಞರ ಸಂಸ್ಥೆಯೂ ವಿದ್ಯುತ್ ಉಪಕರಣ ತಯಾರಕರ ಸಂಘವೂ 1983ರಲ್ಲಿ ಜಂಟಿ ಸಮಿತಿ ರಚಿಸಿ, 1985ರಲ್ಲಿ ಹೊರತಂದ ಮಾನಕವೇ 1993ರಲ್ಲಿ ಡೈಕಾಮ್ ಎಂಬ ಹೆಸರಿನಲ್ಲಿ ಹೊಸ ರೂಪ ತಳೆಯಿತು. ಡೈಕಾಮ್ ಕಡತವು ಚಿತ್ರದ ಜೊತೆಗೇ ರೋಗಿಯ ಹೆಸರು, ಗುರುತಿನ ಸಂಖ್ಯೆ, ಪರೀಕ್ಷೆಯ ದಿನಾಂಕಗಳನ್ನು ಹೊತ್ತಿರುತ್ತದೆ. ಚಿತ್ರಗಳನ್ನು ಸಂಗ್ರಹಿಸಿ ವೈದ್ಯರ ಪರದೆಗೆ ತಲುಪಿಸುವ ಪ್ಯಾಕ್ಸ್ ಎಂಬ ವ್ಯವಸ್ಥೆ ಹುಡುಕುವುದು ಈ ವಿವರಗಳನ್ನೇ, ಚಿತ್ರವನ್ನಲ್ಲ. ಕನ್ನಡದಲ್ಲಿ ಸಾಮಾನ್ಯವಾಗಿ ಒಂದೇ ಬಗೆಯಾಗಿ ಬರೆಯುವ ಲಕ್ಷ್ಮಿ ಎಂಬ ಹೆಸರು ನೋಂದಣಿಯ ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಇಳಿಯುವಾಗ ಮೂರು ನಾಲ್ಕು ರೂಪ ತಾಳುವುದುಂಟು. ಪ್ರತಿ ಭೇಟಿಗೂ ಹೊಸ ಗುರುತಿನ ಸಂಖ್ಯೆಯೂ ಸೇರಿಕೊಂಡರೆ ವ್ಯವಸ್ಥೆಯ ಪಾಲಿಗೆ ಒಬ್ಬರೇ ರೋಗಿ ಬೇರೆ ಬೇರೆ ವ್ಯಕ್ತಿಗಳಾಗುತ್ತಾರೆ, ಹಳೆಯ ಸ್ಕ್ಯಾನ್ ಒಂದಿಷ್ಟೂ ಕೆಡದೆ ಕಳೆದುಹೋಗುತ್ತದೆ. ಇದು ತಂತ್ರಜ್ಞಾನದ ಸೋಲೆನ್ನುವುದಕ್ಕಿಂತ ಗುಮಾಸ್ತಿಕೆಯ ಸೋಲೆನ್ನುವುದೇ ಸರಿ.

ಸಿ.ಡಿ.ಗೆ ಬರೆಸಿಕೊಂಡದ್ದು ಶಾಶ್ವತವೆಂಬುದೂ ನಿಜವಲ್ಲ, ಏಕೆಂದರೆ ಬರೆಯಬಲ್ಲ ಸಿ.ಡಿ.ಯ ಬಣ್ಣದ ಪದರ ಬಿಸಿಲು, ಸೆಕೆಗಳಿಗೆ ಕೆಡುತ್ತದೆ. ಅದು ಕೆಡದಿದ್ದರೂ ಓದುವ ಡ್ರೈವ್ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅಪರೂಪವಾಗಿದೆ. ಇನ್ನು ಸರ್ವರಿನಲ್ಲಿ ಹಲವು ಡಿಸ್ಕ್‌ಗಳಿಗೆ ಏಕಕಾಲದಲ್ಲಿ ಬರೆಯುವ ಏರ್ಪಾಡು ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆಯಾದರೂ ಕೈತಪ್ಪಿ ಅಳಿಸಿದ ಕಡತವನ್ನು ಎಲ್ಲ ಡಿಸ್ಕ್‌ಗಳಿಂದಲೂ ಅಳಿಸುವುದರಿಂದ, ಬೇರೆಡೆ ಇರಿಸಿದ ಪ್ರತಿಗೆ ಅದು ಬದಲಿಯಾಗಲಾರದು.

ಆಸ್ಪತ್ರೆ ಎಲ್ಲವನ್ನೂ ಎಂದೆಂದಿಗೂ ಇಟ್ಟಿರಲೇಬೇಕೆಂಬ ನಿರೀಕ್ಷೆಗೂ ಆಧಾರವಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯು ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕೆಂದೂ, ರೋಗಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕೆಂದೂ ವಿಧಿಸುತ್ತದೆ. ಕೇಳುವಾಗ ಫಿಲ್ಮಿನ ಬದಲು ಡೈಕಾಮ್ ಕಡತವನ್ನೇ ಕೇಳಿ ಪಡೆದವರಿಗೆ ಪಿಕ್ಸೆಲ್‌ಗಳ ಆ ಸಂಖ್ಯೆಗಳೆಲ್ಲ ಹಾಗೆಯೇ ದೊರೆಯುತ್ತವೆ.