ಭಾರ ಇಳಿಸುವ ಚಿಕಿತ್ಸೆ, ಬಿಡುವು ಬೇಡುವ ದೇಹ

ಸ್ತನದ ಗಾತ್ರವನ್ನು ಕಿರಿದಾಗಿಸುವ ಶಸ್ತ್ರಚಿಕಿತ್ಸೆಯನ್ನು ಸೌಂದರ್ಯಚಿಕಿತ್ಸೆಯ ಸಾಲಿಗೆ ಸೇರಿಸಿ ಮಾತು ಮುಗಿಸುವ ರೂಢಿ ಇದ್ದರೂ, ವೈದ್ಯಶಾಸ್ತ್ರದ ಲೆಕ್ಕದಲ್ಲಿ ಅದು ಮುಖ್ಯವಾಗಿ ಭಾರ ಇಳಿಸುವ ಚಿಕಿತ್ಸೆ. ಮೈಕಟ್ಟಿಗೆ ಹೊಂದದಷ್ಟು ಸ್ತನ ಬೆಳೆದಿರುವ ಸ್ಥಿತಿಗೆ ಮ್ಯಾಕ್ರೊಮಾಸ್ಟಿಯಾ ಎಂದು ಹೆಸರು. ಹೆಚ್ಚುವರಿ ಗ್ರಂಥಿ, ಕೊಬ್ಬು ಮತ್ತು ಚರ್ಮವನ್ನು ತೆಗೆದು ಉಳಿದ ಭಾಗಕ್ಕೆ ಮತ್ತೆ ಆಕಾರ ಕೊಡುವ ಕ್ರಿಯೆಗೆ ರಿಡಕ್ಷನ್ ಮ್ಯಾಮೊಪ್ಲಾಸ್ಟಿ ಎಂದು ಹೆಸರು. ಅತಿಯಾದ ತೂಕದಿಂದ ಕತ್ತು, ಭುಜ ಮತ್ತು ಬೆನ್ನಿನ ಮೇಲ್ಭಾಗ ಸದಾ ನೋಯುತ್ತವೆ, ಬ್ರಾ ಪಟ್ಟಿ ಒತ್ತಿ ಹೆಗಲಿನಲ್ಲಿ ಗೀರು ಬೀಳುತ್ತದೆ, ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಕೆರೆತ, ದದ್ದು, ಶಿಲೀಂಧ್ರದ ಸೋಂಕು ಮರುಕಳಿಸುತ್ತವೆ.

ಈ ಲಕ್ಷಣಗಳು ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಹೆಂಗಸರಲ್ಲಿ ಕೆಲಸದ ನೋವಿನ ಜೊತೆ ಬೆರೆತುಹೋಗುತ್ತವೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರೆ ಹೊರುವವರಿಗೆ, ಹನೂರಿನ ಮಳೆಯಾಶ್ರಿತ ಹೊಲಗಳಲ್ಲಿ ಬಗ್ಗಿ ಕಳೆ ಕೀಳುವವರಿಗೆ, ಯಳಂದೂರಿನ ಗದ್ದೆಯಲ್ಲಿ ನಾಟಿ ಹಾಕುವವರಿಗೆ ಬೆನ್ನುನೋವು ಎಂಬುದು ಬದುಕಿನ ಭಾಗ. ಆದ್ದರಿಂದ ಅದಕ್ಕೆ ಬೇರೊಂದು ಕಾರಣವಿರಬಹುದು ಎಂಬ ಯೋಚನೆಯೇ ಬರುವುದಿಲ್ಲ. ಬಂದರೂ ಸಂಕೋಚ ಬಾಯಿ ಕಟ್ಟುತ್ತದೆ. ಹೀಗೆ ಮುಲಾಮಿನಲ್ಲೂ ನೋವಿನ ಮಾತ್ರೆಯಲ್ಲೂ ವರ್ಷಗಳು ಕಳೆಯುತ್ತವೆ.

ಯಾರಿಗೆ, ಯಾವಾಗ

ಸ್ತನದ ಬೆಳವಣಿಗೆ ನಿಂತ ಮೇಲೆ, ಅಂದರೆ ಸಾಮಾನ್ಯವಾಗಿ 18 ವರ್ಷ ತುಂಬಿದ ನಂತರ, ಈ ಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಹದಿಹರೆಯದಲ್ಲೇ ಅಸಹಜವಾಗಿ ಬೆಳೆದು ತೀವ್ರ ತೊಂದರೆ ಕೊಡುವ ಪ್ರಕರಣಗಳು ಇದಕ್ಕೆ ಅಪವಾದ. ಮುಂದೆ ಮಕ್ಕಳನ್ನು ಹೆರುವ ಇಚ್ಛೆಯಿರುವವರಿಗೆ ವೈದ್ಯರು ಎರಡು ವಿಷಯ ತಿಳಿಸಬೇಕಾಗುತ್ತದೆ: ಬಸಿರು, ಬಾಣಂತನದಲ್ಲಿ ಸ್ತನದ ಆಕಾರ ಮತ್ತೆ ಬದಲಾಗಬಹುದು, ಹಾಗೂ ಹಾಲುನಾಳಗಳಲ್ಲಿ ಕೆಲವು ಕತ್ತರಿಸಿಹೋಗುವುದರಿಂದ ಎದೆಹಾಲು ಕಡಿಮೆಯಾಗಬಹುದು ಅಥವಾ ಪೂರ್ತಿ ನಿಲ್ಲಬಹುದು. ಮೊಲೆತೊಟ್ಟಿಗೆ ರಕ್ತ ಒಯ್ಯುವ ಅಂಗಾಂಶವನ್ನು ಅದರ ಕೆಳಗಿನ ಗ್ರಂಥಿಯೊಡನೆ ಉಳಿಸಿಕೊಳ್ಳುವ ವಿಧಾನಗಳಲ್ಲಿ ಹಲವರು ಹಾಲೂಡಿಸಬಲ್ಲರಾದರೂ ಅದಕ್ಕೆ ಖಾತರಿ ಕೊಡಲಾಗದು.

ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತದ ಪರೀಕ್ಷೆ ನಡೆಯುತ್ತದೆ, 40 ದಾಟಿದವರಿಗೆ ಸಾಮಾನ್ಯವಾಗಿ ಮ್ಯಾಮೊಗ್ರಾಂ ಎಂಬ ಸ್ತನದ ಎಕ್ಸ್‌ರೇ ಕೂಡ ಆಗುತ್ತದೆ. ರಕ್ತಹೀನತೆ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬೀಡಿ, ಸಿಗರೇಟು ಮಾತ್ರವಲ್ಲ, ಎಲೆಅಡಿಕೆಯೊಡನೆ ಹಾಕಿಕೊಳ್ಳುವ ಹೊಗೆಸೊಪ್ಪು ಸಹ ನಿಕೋಟಿನ್ ಮೂಲಕ ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಗಾಯ ಮಾಯುವುದನ್ನು ತಡೆಯುವುದರಿಂದ, ಕನಿಷ್ಠ ನಾಲ್ಕು ವಾರ ಮೊದಲೇ ಅದನ್ನು ಬಿಡುವಂತೆ ಹೇಳಲಾಗುತ್ತದೆ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಸೋಲಿಗ ಸಮುದಾಯಕ್ಕೆ ಇನ್ನೊಂದು ಎಚ್ಚರಿಕೆ ಅಗತ್ಯ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಎಂಬ ಆನುವಂಶಿಕ ಕಾಯಿಲೆ ಈ ಸಮುದಾಯದಲ್ಲಿ ಕಂಡುಬಂದಿರುವುದರಿಂದ, ಅರಿವಳಿಕೆ ತಜ್ಞರಿಗೆ ಅದರ ಮಾಹಿತಿ ಮೊದಲೇ ಸಿಗಬೇಕು. ಆಮ್ಲಜನಕ ಅಥವಾ ದೇಹದ ನೀರಿನ ಅಂಶ ಕುಗ್ಗಿದರೆ ಇಂಥವರಿಗೆ ಅಪಾಯ ಹೆಚ್ಚು.

ದರ್ಜಿಯ ಕಲೆ, ವೈದ್ಯನ ಕತ್ತರಿ

ಎಷ್ಟು ತೆಗೆಯಬೇಕು ಎಂಬುದಕ್ಕಿಂತ ಉಳಿದದ್ದಕ್ಕೆ ರಕ್ತ ಹೇಗೆ ಹರಿಯಬೇಕು ಎಂಬುದೇ ಈ ಶಸ್ತ್ರಚಿಕಿತ್ಸೆಯ ಮೂಲ ಸಮಸ್ಯೆ. 1956ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ವೈಸ್ ಬ್ರಾ ಹೊಲಿಯುವವರ ಕಟಿಂಗ್ ಮಾದರಿಯನ್ನು ಆಧರಿಸಿ ಚರ್ಮದ ಮೇಲೆ ಮೊದಲೇ ಗುರುತು ಹಾಕಿಕೊಳ್ಳುವ ನಕ್ಷೆಯೊಂದನ್ನು ಮುಂದಿಟ್ಟನು. ಮೊಲೆತೊಟ್ಟಿನ ಸುತ್ತ, ಅಲ್ಲಿಂದ ನೇರವಾಗಿ ಕೆಳಕ್ಕೆ, ಬಳಿಕ ಸ್ತನದ ಮಡಿಕೆಯುದ್ದಕ್ಕೂ ಲಂಗರಿನ ಆಕಾರದಲ್ಲಿ ಹೊಲಿಗೆ ಬರುವ ಈ ವಿನ್ಯಾಸ ಇಂದಿಗೂ ಬಳಕೆಯಲ್ಲಿದೆ. ಮಡಿಕೆಯ ಅಡ್ಡ ಹೊಲಿಗೆಯನ್ನು ಬಿಟ್ಟು ಲಂಬವಾಗಿ ಮಾತ್ರ ಹೊಲಿಯುವ ವಿಧಾನಗಳು ನಂತರ ಬಂದವು. ಪೂರ್ಣ ಅರಿವಳಿಕೆಯಲ್ಲಿ ಎರಡರಿಂದ ನಾಲ್ಕು ಗಂಟೆ ನಡೆಯುವ ಈ ಚಿಕಿತ್ಸೆಯಲ್ಲಿ ಒಂದೊಂದು ಕಡೆಯಿಂದ ಅರ್ಧ ಕಿಲೋದಷ್ಟು, ಕೆಲವರಲ್ಲಿ ಕಿಲೋಗೂ ಮೀರಿ ಅಂಗಾಂಶ ತೆಗೆಯಬೇಕಾಗುತ್ತದೆ. ತೆಗೆದುದನ್ನು ರೋಗಪರೀಕ್ಷೆಯ ಪ್ರಯೋಗಾಲಯಕ್ಕೆ ಕಳುಹಿಸುವುದು ವಾಡಿಕೆ.

ಎಚ್ಚರವಾದಾಗ ಕತ್ತಿನ ಎಳೆತ ಕಡಿಮೆಯಾಗಿರುವುದು ಹಲವರಿಗೆ ಕೂಡಲೇ ಅನುಭವಕ್ಕೆ ಬರುತ್ತದೆ. ಗಾಯದ ನೋವು ಮತ್ತು ಬಾವು ಮಾತ್ರ ಕೆಲವು ದಿನ ಉಳಿಯುತ್ತವೆ. ಒಳಗೆ ಸೇರುವ ರಕ್ತ, ನೀರನ್ನು ಹೊರಹಾಕಲು ಇಡುವ ಸಣ್ಣ ಕೊಳವೆಯನ್ನು ಒಂದೆರಡು ದಿನಗಳಲ್ಲಿ ತೆಗೆಯುತ್ತಾರೆ. ಎದೆಯನ್ನು ಬಿಗಿಯಾಗಿ ಹಿಡಿಯುವ ಬ್ರಾವನ್ನು ಹಗಲೂ ರಾತ್ರಿ ಹಲವು ವಾರ ತೊಡಬೇಕಾಗುತ್ತದೆ. ಹೊಲಿಗೆಗಳು ಕೂಡುವ ಮೂಲೆಯಲ್ಲಿ ಗಾಯ ತಡವಾಗಿ ಮಾಯುವುದು, ಮೊಲೆತೊಟ್ಟಿನ ಸ್ಪರ್ಶಜ್ಞಾನ ಕುಂದುವುದು, ಎರಡು ಕಡೆಗೂ ಸ್ವಲ್ಪ ವ್ಯತ್ಯಾಸ ಉಳಿಯುವುದು ಅಪರೂಪವಲ್ಲ. ಗಾಯದ ಗುರುತು ಮೊದಲ ತಿಂಗಳುಗಳಲ್ಲಿ ಕೆಂಪಾಗಿ ಉಬ್ಬಿದ್ದು, ಒಂದರಿಂದ ಒಂದೂವರೆ ವರ್ಷದಲ್ಲಿ ಮಾಸುತ್ತದೆಯೇ ಹೊರತು ಅಳಿಯುವುದಿಲ್ಲ. ಒಂದೇ ಕಡೆ ದಿಢೀರ್ ಬಾವು, ಜ್ವರ, ಕೀವು, ಮೊಲೆತೊಟ್ಟು ಕಪ್ಪಾಗುವುದು, ಮೀನಖಂಡದ ಊತ, ಉಸಿರಾಟದ ತೊಂದರೆ ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯಬಾರದು.

ದಾರಿ ಮತ್ತು ಖರ್ಚು

ಕೊಳ್ಳೇಗಾಲದಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಹನೂರು ಕಡೆಯ ಕಾಡಂಚಿನ ಊರುಗಳಿಗೆ ಕೊಳ್ಳೇಗಾಲವೇ ದೂರ. ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆಗೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾದವರು ಶಸ್ತ್ರಚಿಕಿತ್ಸೆಯ ದಿನದ ಜೊತೆಗೆ ನಂತರದ ತಪಾಸಣೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು, ಗಾಯದ ಆರೈಕೆಗೆ ಹತ್ತಿರದ ಯಾವ ಆಸ್ಪತ್ರೆಗೆ ಹೋಗಬಹುದೆಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹೊರಗಿಡುವುದರಿಂದ, ನೋವು ಎಷ್ಟು ಕಾಲದಿಂದ ಇದೆ, ಯಾವ ಚಿಕಿತ್ಸೆ ವಿಫಲವಾಯಿತು ಎಂಬ ದಾಖಲೆಗಳನ್ನು ಕೂಡಿಸಿ, ವೈದ್ಯಕೀಯ ಅಗತ್ಯವನ್ನು ತಿಳಿಸುವ ಪತ್ರ ಪಡೆದು ಮುಂಚಿತವಾಗಿಯೇ ಅನುಮತಿ ಕೇಳುವುದು ಜಾಣತನ.

ಒಂದು ಬೆಳೆ ಬಿಟ್ಟರೆ

ಕುಳಿತು ಮಾಡುವ ಹಗುರ ಕೆಲಸಕ್ಕೆ ಎರಡು ವಾರದಲ್ಲಿ ಮರಳಬಹುದಾದರೂ, ಭಾರ ಎತ್ತುವುದಕ್ಕೆ ಮತ್ತು ಕೈ ಮೇಲೆತ್ತಿ ಮಾಡುವ ದುಡಿಮೆಗೆ ನಾಲ್ಕರಿಂದ ಆರು ವಾರ ಬಿಡುವು ಬೇಕು. ನೀರಿನ ಬಿಂದಿಗೆ, ಸೌದೆ, ಸೊಪ್ಪಿನ ಹೊರೆ ಎಲ್ಲವೂ ಈ ಭಾರದೊಳಗೇ ಬರುತ್ತವೆ. ರೇಷ್ಮೆಯ ಒಂದು ಬೆಳೆ ಸುಮಾರು 25ರಿಂದ 28 ದಿನದ್ದು. ನಾಲ್ಕನೇ ಜ್ವರ, ಅಂದರೆ ಹುಳು ನಾಲ್ಕನೇ ಸಲ ಪೊರೆ ಕಳಚುವ ಹಂತ, ದಾಟಿದ ಮೇಲೆ ಅದು ಹಗಲಿರುಳೂ ಸೊಪ್ಪು ಬೇಡುತ್ತದೆ, ಆ ವಾರದಲ್ಲಿ ಮನೆಯ ಯಾವ ಕೈಯೂ ಬಿಡುವಾಗಿರುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯ ದಿನವನ್ನು ವೈದ್ಯರ ದಿನಚರಿಯಂತೆಯೇ ಹುಳುಮನೆಯ ದಿನಚರಿ ನೋಡಿಯೂ ನಿಗದಿಪಡಿಸಬೇಕಾಗುತ್ತದೆ. ಗೂಡು ಮಾರಿದ ಮೇಲೆ ಆಸ್ಪತ್ರೆಗೆ ಹೋಗಿ, ಮುಂದಿನ ಒಂದು ಬೆಳೆಗೆ ಮರಿಹುಳು ತರದೆ ಬಿಟ್ಟರೆ ಬೇಕಾದ ಬಿಡುವು ಸಿಗುತ್ತದೆ. ವರ್ಷಕ್ಕೆ ಐದಾರು ಬೆಳೆ ತೆಗೆಯುವ ಮನೆಗೆ ಅದು ಸಣ್ಣ ನಷ್ಟವಲ್ಲ. ಆದರೆ ಆ ನಷ್ಟವನ್ನು ಮನೆಯವರೆಲ್ಲ ಮೊದಲೇ ಒಪ್ಪಿಕೊಳ್ಳದಿದ್ದರೆ, ಹೊಲಿಗೆ ಹಾಕಿಸಿಕೊಂಡವಳೇ ಮೂರನೇ ವಾರಕ್ಕೆ ಸೊಪ್ಪಿನ ಹೊರೆ ಎತ್ತಬೇಕಾಗುತ್ತದೆ.